ಮೂಗುಬೊಟ್ಟು ತೆಗೆಯದೆ ಸಿಕ್ಕ ನಿದ್ದೆ: ಫೋನಿನಲ್ಲೇ ಗೊರಕೆಗೆ ಚಿಕಿತ್ಸೆ, ಎಂಟು ತಿಂಗಳ ಅನುಭವ

ಮಾರ್ಚ್ ಕೊನೆಯ ವಾರ ನಮ್ಮ ಸೊಸೈಟಿಯಲ್ಲಿ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಬೆಳೆಸಾಲ ಕಟ್ಟಲು ಬರುವವರು, ರಸೀದಿ, ವರ್ಷದ ಲೆಕ್ಕ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈ ಸಲ ಒಬ್ಬರು ಕಟ್ಟಿದ ಕಂತನ್ನು ಇನ್ನೊಬ್ಬರ ಖಾತೆಗೆ ಬರೆದುಬಿಟ್ಟೆ. ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ ಪೆನ್ನು ಕೈಯಲ್ಲಿರುವಾಗಲೇ ಕಣ್ಣು ಮುಚ್ಚಿಹೋಗಿತ್ತು. ಎಚ್ಚರವಾದಾಗ ಲೆಡ್ಜರಿನ ಮೇಲೆ ಒಂದು ಗೆರೆ ಓರೆಯಾಗಿ ಪುಟದ ಅಡಿಯವರೆಗೆ ಇಳಿದಿತ್ತು. ಆ ಗೆರೆ ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ನನಗೆ 53 ವರ್ಷ. ಊರು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಮುಟ್ಟು ನಿಂತು ಮೂರು ವರ್ಷವಾಯಿತು. ಹೆಚ್ಚುಕಡಿಮೆ ಆಗಿನಿಂದಲೇ ಬೆಳಿಗ್ಗೆ ಏಳುವಾಗ ತಲೆ ಭಾರ, ಬಾಯಿ ಒಣಗಿ ಕಟ್ಟಿಗೆ. ರಾತ್ರಿ ಮೂರ್ನಾಲ್ಕು ಸಲ ಬಚ್ಚಲಿಗೆ ಏಳುವುದು. ಪಿತ್ತ ಅಂದರು, ವಯಸ್ಸು ಅಂದರು, ಥೈರಾಯ್ಡ್ ಇರಬೇಕು ಅಂದರು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ "ಮಧ್ಯರಾತ್ರಿ ಎಚ್ಚರ ಆಗುತ್ತೆ" ಅಂದಿದ್ದಕ್ಕೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಆಲ್‌ಪ್ರಾಜೋಲಾಮ್. ನಾಲ್ಕು ತಿಂಗಳು ನುಂಗಿದೆ. ನಿದ್ದೆ ಬರುತ್ತಿತ್ತು, ಆದರೆ ಬೆಳಿಗ್ಗೆ ಸುಸ್ತು ಇನ್ನೂ ಜಾಸ್ತಿ. ಗೊರಕೆ ಹೊಡೆಯುತ್ತೀರಾ ಅಂತ ಆ ನಾಲ್ಕು ತಿಂಗಳಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಗಂಡಸರ ಗೊರಕೆಯ ಕತೆಯನ್ನು ಮದುವೆ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ನಗುತ್ತಾರೆ. ಹೆಂಗಸರದ್ದು ಕೋಣೆಯೊಳಗೇ ಉಳಿಯುತ್ತದೆ.

ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಎಲ್ಲ ಕೇಳಿಕೊಂಡಳು. "ಅಮ್ಮಾ, ಇದು ನಿದ್ದೆ ಬಾರದ ಕಾಯಿಲೆ ಅಲ್ಲ ಅನ್ಸುತ್ತೆ. ನಿದ್ದೆಯಲ್ಲಿ ಉಸಿರು ನಿಲ್ಲೋ ಕಾಯಿಲೆ ಇರಬಹುದು" ಅಂದಳು. ಸ್ಲೀಪ್ ಆಪ್ನಿಯಾ ಅನ್ನುವ ಹೆಸರು ನಾನು ಕೇಳಿದ್ದು ಅದೇ ಮೊದಲು. ಪರೀಕ್ಷೆ ಮಾಡಿಸಬೇಕೆಂದರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಬೇಕು. ನಮ್ಮ ಉತ್ತರ ಕನ್ನಡದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಕೂಗು ಎದ್ದಿತ್ತು, ನೆನಪಿದೆ ಅಲ್ವಾ? ಎರಡು ದಿನ ರಜೆ, ಕಾರಿನ ಬಾಡಿಗೆ, ಕೊಟ್ಟಿಗೆಯಲ್ಲಿ ಎರಡು ಹಸು. ಆಗುವ ಮಾತಲ್ಲ ಅಂತ ಬಿಟ್ಟಿದ್ದೆ. ಆಗ ಮಗಳೇ ಹುಡುಕಿ, ಮನೆಗೇ ಪರೀಕ್ಷೆಯ ಸಾಮಾನು ಕಳಿಸಿ ವಿಡಿಯೋದಲ್ಲಿ ಡಾಕ್ಟರು ನೋಡುವ ಒಂದು ಸೇವೆಗೆ ಹೆಸರು ಬರೆಸಿದಳು.

ಆ ಸಂಸ್ಥೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆ ಕೊಡುವವರು ಈಗ ಹಲವರಿದ್ದಾರೆ, ಕೆಲಸ ಮಾಡುವ ರೀತಿಯೂ ಹೆಚ್ಚುಕಡಿಮೆ ಒಂದೇ. ಯಾವ ಹೆಸರಿನವರಾದರೂ ಅವರನ್ನು ಏನು ಕೇಳಬೇಕು, ಎಲ್ಲಿ ಎಡವುತ್ತಾರೆ, ಎಲ್ಲಿ ಕೈ ಹಿಡಿಯುತ್ತಾರೆ ಅನ್ನುವುದು ನಿಮಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ವಿಡಿಯೋ ಕಾಲ್ ಮನೆಯಲ್ಲಿ ಮಾಡಿದ್ದು ಹಾಳಾಯಿತು. ಡಾಕ್ಟರ ಮುಖ ನಿಂತೇ ಹೋಗುತ್ತಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. ಅಂಗಳಕ್ಕೆ ಬಂದರೆ ಸಿಗ್ನಲ್ ಇದೆ, ಆದರೆ ಅಂಗಳದಲ್ಲಿ ನಿಂತು ಇಂಥ ವಿಷಯ ಮಾತಾಡಲಾಗುತ್ತದೆಯೇ? ಅವರು ದುಡ್ಡು ಕಟ್ಟಿಸದೆ ಮುಂದಿನ ಭಾನುವಾರಕ್ಕೆ ಹೊಸ ಸಮಯ ಕೊಟ್ಟರು. ಸೆಕ್ರೆಟರಿಯವರನ್ನು ಕೇಳಿ ಸೊಸೈಟಿಯ ಬೀಗದ ಕೈ ತಂದೆ. ಅಲ್ಲಿ ಫೈಬರ್ ನೆಟ್ ಇದೆ. ಷಟರ್ ಅರ್ಧ ಇಳಿಸಿ, ಗೊಬ್ಬರದ ಚೀಲಗಳ ವಾಸನೆಯ ನಡುವೆ ನಾನೂ ನಮ್ಮನೆಯವರೂ ಕೂತೆವು.

ಡಾಕ್ಟರು ಮೂವತ್ತೈದು ನಿಮಿಷ ಕೊಟ್ಟರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಕ್ಲಿನಿಕ್ಕಿನಲ್ಲಿ ನನಗೆ ಸಿಕ್ಕಿದ್ದು ನಾಲ್ಕು ನಿಮಿಷ. ಇವರು ಕುತ್ತಿಗೆಯ ಸುತ್ತಳತೆ ಕೇಳಿದರು. ಬ್ಲೌಸ್ ಅಳತೆಯ ಟೇಪು ತರಲು ಮೊದಲೇ ಹೇಳಿದ್ದರು. ಹದಿನೈದೂವರೆ ಇಂಚು ಬಂತು. ಬಾಯಿ ಅಗಲಿಸಿ ನಾಲಿಗೆ ಹೊರಚಾಚಲು ಹೇಳಿದರು. ನಮ್ಮನೆಯವರು ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನನ್ನ ಗಂಟಲು ತೋರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿಕೊಂಡು ಬಂದಿದ್ದ ಬಿಪಿ ಬರೆದುಕೊಂಡರು. ಥೈರಾಯ್ಡ್ ಕಡಿಮೆ ಇದ್ದರೂ ಹೀಗಾಗುತ್ತದೆ, ಅದನ್ನೂ ನೋಡಿಬಿಡೋಣ ಅಂತ ರಕ್ತ ಪರೀಕ್ಷೆಗೆ ಬರೆದರು. ಆಮೇಲೆ ಅದು ಸರಿಯಾಗಿಯೇ ಬಂತು.

ಹಗಲಿನ ತೂಕಡಿಕೆ ಅಳೆಯಲು ಎಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ. ಎಪ್‌ವರ್ತ್ ಪಟ್ಟಿ ಅನ್ನುತ್ತಾರೆ. ಒಂದೊಂದು ಪ್ರಶ್ನೆಗೆ ಸೊನ್ನೆಯಿಂದ ಮೂರು, ಒಟ್ಟು 24. ಅದು ಫೋನಿಗೆ ಇಂಗ್ಲಿಷಿನಲ್ಲಿ ಬಂದಿತ್ತು. ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ನಿದ್ದೆ ಬರುತ್ತದೆಯೇ ಅಂತ ಒಂದು ಪ್ರಶ್ನೆ. ನಮ್ಮಲ್ಲಿ ಕಾರೂ ಇಲ್ಲ, ಟ್ರಾಫಿಕ್ಕೂ ಇಲ್ಲ. ಡಾಕ್ಟರ ಸಹಾಯಕಿ ಹುಡುಗಿ ಫೋನ್ ಮಾಡಿ ಕನ್ನಡದಲ್ಲಿ ಓದಿ, ಅರ್ಥ ಕೆಡದ ಹಾಗೆ ನಮಗೆ ತಕ್ಕಂತೆ ತಿರುಗಿಸಿ ಕೇಳಿದಳು. ಬಸ್ಸಿನಲ್ಲಿ ಒಂದು ಗಂಟೆ ಕೂತರೆ? ಮಧ್ಯಾಹ್ನ ಉಂಡು ಸುಮ್ನೆ ಕೂತರೆ? ಯಾರ ಜೊತೆಗಾದರೂ ಮಾತಾಡುತ್ತಾ ಇರುವಾಗ? ನನ್ನದು 15 ಆಯಿತು. ಹತ್ತು ದಾಟಿದರೆ ಅದು ಬರೀ ಆಯಾಸ ಅಲ್ಲ, ನೋಡಿಸಿಕೊಳ್ಳಬೇಕು ಅಂದಳು.

ಆಮೇಲೆ ಡಾಕ್ಟರು ನಮ್ಮನೆಯವರ ಕಡೆ ತಿರುಗಿದರು. "ನೀವು ಹೇಳಿ ಸರ್, ರಾತ್ರಿ ಏನಾಗುತ್ತೆ?"

ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಗೊರಕೆ ಜೋರಾಗಿ ಬರ್ತಾ ಇರುತ್ತೆ. ಒಮ್ಮೆಲೇ ನಿಲ್ಲುತ್ತೆ. ಉಸಿರೂ ಇರೋದಿಲ್ಲ. ನಾನು ಹತ್ತು ಎಣಿಸ್ತೇನೆ. ಕೆಲವು ಸಲ ಇಪ್ಪತ್ತು. ಆಗಲೂ ಬಾರದೇ ಇದ್ರೆ ಭುಜ ಮುಟ್ತೇನೆ. ಆಗ ಒಂದು ದೊಡ್ಡ ಉಸಿರು ಎಳೀತಾಳೆ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು ಡಾಕ್ಟ್ರೇ."

ನನಗೆ ಗೊತ್ತೇ ಇರಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ಮನುಷ್ಯ ಎರಡು ವರ್ಷದಿಂದ ಕತ್ತಲಲ್ಲಿ ಎಣಿಸುತ್ತಿದ್ದಾರೆ. ನನಗೆ ಬೇಜಾರಾಗುತ್ತದೆ ಅಂತ ಹೇಳಿರಲಿಲ್ಲವಂತೆ. ಆ ದಿನ ಸೊಸೈಟಿಯಿಂದ ಮನೆಗೆ ನಡೆದು ಬರುವಾಗ ನಾವಿಬ್ಬರೂ ಮಾತಾಡಲಿಲ್ಲ.

ನಿದ್ದೆ ಮಾತ್ರೆಯ ವಿಷಯದಲ್ಲಿ ಡಾಕ್ಟರು ನಡೆದುಕೊಂಡ ರೀತಿ ನನಗೆ ತುಂಬಾ ಹಿಡಿಸಿತು. ಗಂಟಲಿನ ಮಾಂಸ ಸಡಿಲವಾಗಿ ದಾರಿ ಮುಚ್ಚುವುದೇ ಈ ಕಾಯಿಲೆ. ಇಂಥ ಮಾತ್ರೆ ಅದನ್ನು ಇನ್ನೂ ಸಡಿಲ ಮಾಡಬಹುದು, ಎಚ್ಚರವಾಗಿ ಉಸಿರೆಳೆದುಕೊಳ್ಳುವುದನ್ನೂ ತಡ ಮಾಡಬಹುದು ಅಂತ ವಿವರಿಸಿದರು. ಹಾಗಂತ ನಾಳೆಯಿಂದಲೇ ನಿಲ್ಲಿಸಬೇಡಿ, ಏಕಾಏಕಿ ಬಿಟ್ಟರೂ ತೊಂದರೆ ಅಂದರು. ಹಾಗಾದರೆ ಕಡಿಮೆ ಮಾಡಲು ನೀವೇ ಬರೆದುಕೊಡಿ ಅಂದೆ. ಆಗುವುದಿಲ್ಲ ಅಂದರು. ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ನಿಯಮ 2020ರ ಮಾರ್ಚ್ 25ಕ್ಕೆ ಬಂದಿದೆ. ಅದರ ಪ್ರಕಾರ ಇಂಥ ಮಾತ್ರೆಯನ್ನು ವಿಡಿಯೋದಲ್ಲಿ ನೋಡಿ ಬರೆಯುವ ಹಾಗಿಲ್ಲ. ಅದಕ್ಕೆ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಿಗೆ ಒಂದು ಪತ್ರ ಬರೆದು ಕೊಟ್ಟರು. ಆರೋಗ್ಯ ಕೇಂದ್ರದ ಡಾಕ್ಟರು ಆರು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಕೇಳಿದ ಕೂಡಲೇ ನಿದ್ದೆ ಮಾತ್ರೆ ಬರೆದು ಪಿಡಿಎಫ್ ಕಳಿಸುವವರು ಸಿಕ್ಕರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು, ಅದನ್ನೂ ನೋಡಿಕೊಳ್ಳಿ.

ಪರೀಕ್ಷೆಯ ಪೆಟ್ಟಿಗೆ ಕೊರಿಯರ್‌ನಲ್ಲಿ ಸಿದ್ದಾಪುರದವರೆಗೆ ಬಂತು. ಹಳ್ಳಿಗೆ ತರುವುದಿಲ್ಲ ಅಂದರು, ಇವರೇ ಹೋಗಿ ತಂದರು. ಒಳಗೆ ಮೂರೇ ಸಾಮಾನು. ಎದೆಗೆ ಸುತ್ತುವ ಒಂದು ಪಟ್ಟಿ, ಅದರ ಮೇಲೆ ಸೋಪಿನ ಗಾತ್ರದ ಒಂದು ಡಬ್ಬಿ. ಮೂಗಿನ ಹೊಳ್ಳೆಗೆ ಸಿಕ್ಕಿಸುವ ತೆಳ್ಳನೆ ನಳಿಗೆ. ಕೊರೊನಾ ಕಾಲದಲ್ಲಿ ಬೆರಳಿಗೆ ಹಾಕುತ್ತಿದ್ದರಲ್ಲ, ಅಂಥ ಕ್ಲಿಪ್ಪು. ಉಗುರಿಗೆ ಬಣ್ಣ ಇರಬಾರದು ಅಂದಿದ್ದರು. ಹಾಕಿಕೊಳ್ಳುವ ಕ್ರಮ ತೋರಿಸುವ ವಿಡಿಯೋ ಹಿಂದಿಯಲ್ಲಿತ್ತು. ಮೇಲೆ ಹೇಳಿದ ಹುಡುಗಿಯೇ ಮತ್ತೆ ಫೋನಿನಲ್ಲಿ ಹೇಳಿಕೊಟ್ಟಳು.

ಮೊದಲ ರಾತ್ರಿ ಕ್ಲಿಪ್ಪು ಎಲ್ಲೋ ಕಳಚಿ ಕಂಬಳಿಯೊಳಗೆ ಸೇರಿತ್ತು. ಕಡಿಮೆ ಅಂದರೂ ನಾಲ್ಕು ಗಂಟೆಯ ಸರಿಯಾದ ದಾಖಲೆ ಬೇಕಂತೆ, ನನ್ನದು ಎರಡೂವರೆಗೆ ನಿಂತಿತ್ತು. ಎರಡನೇ ರಾತ್ರಿಗೆ ದುಡ್ಡು ಕೇಳಲಿಲ್ಲ. ಬೆರಳಿನ ಮೇಲೆ ಪೇಪರ್ ಪ್ಲಾಸ್ಟರ್ ಸುತ್ತಿಕೊಂಡು ಮಲಗಿದೆ. ನನ್ನದೇ ಹಾಸಿಗೆ, ನನ್ನದೇ ದಿಂಬು, ಹೊರಗೆ ಜೀರುಂಡೆಯ ಸದ್ದು, ಕೊಟ್ಟಿಗೆಯಲ್ಲಿ ಹಸುವಿನ ಗಂಟೆ. ದಿನಾ ಹೇಗೆ ಮಲಗುತ್ತೇನೋ ಹಾಗೇ ಮಲಗಿದೆ. ನಿದ್ದೆಯ ಕಾಯಿಲೆಯನ್ನು ಮನೆಯಲ್ಲೇ ನೋಡುವುದರಲ್ಲಿ ಇಷ್ಟು ಅರ್ಥ ಇದೆ ಅಂತ ನನಗೆ ಆಗಲೇ ಅನಿಸಿದ್ದು. ಗೊತ್ತಿಲ್ಲದ ಊರಿನಲ್ಲಿ, ಮೈತುಂಬಾ ವಯರು ಅಂಟಿಸಿಕೊಂಡು, ಪಕ್ಕದ ಕೋಣೆಯಿಂದ ಯಾರೋ ನೋಡುತ್ತಿರುವಾಗ ನಾನು ಕಣ್ಣು ಮುಚ್ಚುತ್ತಿರಲಿಲ್ಲ.

ನಾಲ್ಕು ದಿನಕ್ಕೆ ವರದಿ ಬಂತು. ಗಂಟೆಗೆ 34 ಸಲ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರು ನಿಂತದ್ದು ಇಲ್ಲವೇ ಅರೆಬರೆಯಾದದ್ದು ಸೇರಿ ಇಷ್ಟು. ಇದಕ್ಕೆ ಎ.ಎಚ್.ಐ. ಅನ್ನುತ್ತಾರೆ. ಐದರ ಒಳಗಿದ್ದರೆ ಚಿಂತೆಯಿಲ್ಲ. 15ರವರೆಗೆ ಸಣ್ಣದು, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ರಕ್ತದ ಆಕ್ಸಿಜನ್ ಒಂದು ಹೊತ್ತಿನಲ್ಲಿ 76ಕ್ಕೆ ಇಳಿದಿತ್ತು. ಇನ್ನೊಂದು ಮಾತನ್ನೂ ಡಾಕ್ಟರು ಮುಚ್ಚಿಡದೆ ಹೇಳಿದರು. ಮನೆಯ ಈ ಪರೀಕ್ಷೆ ಮಿದುಳಿನ ಅಲೆ ನೋಡುವುದಿಲ್ಲ. ಅದಕ್ಕೆ ನಾನು ನಿಜವಾಗಿ ಎಷ್ಟು ಹೊತ್ತು ನಿದ್ದೆ ಮಾಡಿದೆ ಅನ್ನುವುದು ಗೊತ್ತಾಗುವುದಿಲ್ಲ. ಎಚ್ಚರವಾಗಿದ್ದ ಹೊತ್ತೂ ಲೆಕ್ಕಕ್ಕೆ ಸೇರುವುದರಿಂದ ಸಂಖ್ಯೆ ನಿಜಕ್ಕಿಂತ ಕಡಿಮೆಯೇ ಬರಬಹುದು. ಲಕ್ಷಣ ಇದ್ದೂ ಇದರಲ್ಲಿ ಏನೂ ಕಾಣದಿದ್ದರೆ ಆಸ್ಪತ್ರೆಯ ಪರೀಕ್ಷೆ ಮಾಡಿಸಲೇಬೇಕು ಅಂದರು.

ಚಿಕಿತ್ಸೆ ಸಿಪ್ಯಾಪ್ ಮಷೀನು. ರಾತ್ರಿ ಪೂರ್ತಿ ಮಾಸ್ಕಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲಿನ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಅನ್ನುವ ಡಾಕ್ಟರು 1981ರಲ್ಲಿ ಇದನ್ನು ಮೊದಲು ಜಗತ್ತಿಗೆ ತಿಳಿಸಿದರಂತೆ. ನನಗೆ ಕೊಟ್ಟಿದ್ದು ಒತ್ತಡವನ್ನು ತಾನೇ ಏರಿಸಿ ಇಳಿಸಿಕೊಳ್ಳುವ ಮಷೀನು. ಒತ್ತಡದ ಅಳತೆಯನ್ನು 5ರಿಂದ 15ರ ನಡುವೆ ಇಟ್ಟಿದ್ದರು. ಒಂದು ತಿಂಗಳು ಬಾಡಿಗೆಗೆ ತೆಗೆದುಕೊಂಡು ನೋಡಿ, ಒಗ್ಗಿದರೆ ಮಾತ್ರ ಕೊಳ್ಳಿ ಅಂದರು. ಈ ಒಂದು ಮಾತಿಗೆ ಅವರಿಗೆ ಪೂರ್ತಿ ಅಂಕ.

ಎಡವಟ್ಟಾಗಿದ್ದು ಮಾಸ್ಕಿನಲ್ಲಿ.

ಮುಖದ ಫೋಟೋ ಕಳಿಸಿ ಅಂದರು, ಕಳಿಸಿದೆ. ಅಳತೆ ನೋಡಿ ಮೂಗು ಮುಚ್ಚುವ ಸಣ್ಣ ಸೈಜಿನ ಮಾಸ್ಕ್ ಕಳಿಸಿದರು. ಟೆಕ್ನಿಷಿಯನ್ ಹುಡುಗ ವಿಡಿಯೋದಲ್ಲಿ ಹಾಕಿಸಿ ನೋಡಿದ. ಸೊಸೈಟಿಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಹಾಕಿದಾಗ ಎಲ್ಲ ಸರಿ ಇತ್ತು. "ಪರ್ಫೆಕ್ಟ್ ಅಮ್ಮಾ" ಅಂದ. ರಾತ್ರಿ ಮಲಗಿದ ಮೇಲೆ ಸುಸ್ ಅಂತ ಸದ್ದು ಶುರು. ಗಾಳಿ ನೇರವಾಗಿ ಎಡಗಣ್ಣಿಗೆ. ಪಟ್ಟಿ ಬಿಗಿ ಮಾಡಿದೆ, ಬೆಳಿಗ್ಗೆ ಕೆನ್ನೆಯ ಮೇಲೆ ಬರೆ. ಸಡಿಲ ಮಾಡಿದೆ, ಸದ್ದು ಜಾಸ್ತಿ. ಮಷೀನಿನ ಪರದೆಯ ಮೇಲೆ ಗಾಳಿ ಸೋರಿದ ಲೆಕ್ಕ ಬರುತ್ತದೆ. ನನ್ನ ಮಷೀನಿನಲ್ಲಿ ನಿಮಿಷಕ್ಕೆ 24 ಲೀಟರಿನ ಒಳಗಿರಬೇಕು. ನನ್ನದು 38, 41, 36. ದಿನಾ ಒಂದು ಪುಸ್ತಕದಲ್ಲಿ ಬರೆದಿಟ್ಟೆ, ಅದು ನನ್ನ ಕೈಯ ರೂಢಿ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಅಡ್ಜಸ್ಟ್ ಆಗುತ್ತೆ ಅಮ್ಮಾ, ಹದಿನೈದು ದಿನ ನೋಡಿ" ಅನ್ನುವ ಒಂದೇ ಉತ್ತರ.

ಒಂಬತ್ತನೇ ರಾತ್ರಿ ಎರಡು ಗಂಟೆಗೆ ಎದ್ದು ಅಡಿಗೆಮನೆಯ ದೀಪ ಹಾಕಿ ಕನ್ನಡಿ ಹಿಡಿದು ನೋಡಿದೆ. ಎಡ ಹೊಳ್ಳೆಯ ಸುತ್ತ ಚರ್ಮ ಕೆಂಪಾಗಿತ್ತು. ಮಾಸ್ಕ್ ಹಿಡಿದು ಮೆಲ್ಲಗೆ ಇಟ್ಟೆ. ಸಿಲಿಕಾನಿನ ಅಂಚು ಸರಿಯಾಗಿ ನನ್ನ ಮೂಗುಬೊಟ್ಟಿನ ಮೇಲೆ ಕೂರುತ್ತಿತ್ತು. ಏಳು ಕಲ್ಲಿನ ಬೊಟ್ಟು. ಕಲ್ಲುಗಳ ನಡುವಿನ ಸಂದಿಯಿಂದ ಗಾಳಿ. ಕೂತಾಗ ಪಟ್ಟಿಯ ಬಿಗಿ ಎರಡೂ ಕಡೆ ಸಮ ಇರುತ್ತದೆ, ಗೊತ್ತಾಗುವುದಿಲ್ಲ. ನಾನು ಮಲಗುವುದು ಎಡ ಮಗ್ಗುಲಿಗೆ. ದಿಂಬು ಮಾಸ್ಕನ್ನು ಒತ್ತಿದಾಗ ಬೊಟ್ಟು ಅದನ್ನು ಎತ್ತಿ ಹಿಡಿಯುತ್ತಿತ್ತು.

ನನ್ನ ಫೋಟೋದಲ್ಲಿ ಆ ಬೊಟ್ಟು ಎದ್ದು ಕಾಣುತ್ತದೆ. ಅಳತೆ ತೆಗೆದವರು ಅದನ್ನು ನೋಡಿಯೂ ನೋಡಿರಲಿಲ್ಲ. ನಮ್ಮ ನಾಡಿನಲ್ಲಿ ಮೂಗು ಚುಚ್ಚಿಸಿಕೊಂಡ ಹೆಂಗಸರು ಎಷ್ಟು ಜನ! ಆಸ್ಪತ್ರೆಯಲ್ಲಿ ಆಗಿದ್ದರೆ ಮಲಗಿಸಿ ಹಾಕಿಸುತ್ತಿದ್ದರು, ನರ್ಸು ಕೈಯಿಂದ ಮುಟ್ಟಿ ನೋಡುತ್ತಿದ್ದಳು, ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ವಿಡಿಯೋಗೆ ಕೈ ಇಲ್ಲ. ಕೈ ಇಲ್ಲದ ಮೇಲೆ ಕಣ್ಣು ಎರಡರಷ್ಟು ಕೆಲಸ ಮಾಡಬೇಕು, ಅದೇ ಅಲ್ಲಿ ಆಗಲಿಲ್ಲ.

ಮರುದಿನ ಫೋನ್ ಮಾಡಿ ಹೇಳಿದರೆ, "ತೆಗೆದಿಟ್ಟು ಮಲಗಿ ಅಮ್ಮಾ" ಅಂದ ಆ ಹುಡುಗ. ಅವನಿಗೆ ಅದು ಸಣ್ಣ ವಿಷಯ. ಆ ಬೊಟ್ಟು ನಮ್ಮಮ್ಮ ಮಾಡಿಸಿದ್ದು. ಮದುವೆಗೆ ಮೊದಲು ಹಾಕಿದ್ದು, ಹೆರಿಗೆಯ ಹೊತ್ತಿಗೂ ತೆಗೆದಿಲ್ಲ. ಅಮ್ಮ ಹೋಗಿ ಹನ್ನೊಂದು ವರ್ಷ. ದಿನಾ ರಾತ್ರಿ ತೆಗೆದು ಬೆಳಿಗ್ಗೆ ಹಾಕಿಕೊಳ್ಳುವ ವಸ್ತು ಅದಲ್ಲ. ನಾನು ನೇರವಾಗಿ ಡಾಕ್ಟರ ಸಮಯ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮೂಗಿನ ಮೇಲೆ ಕೂರದೆ ಹೊಳ್ಳೆಗಳ ಅಡಿಗೆ ತೊಟ್ಟಿಲಿನ ಹಾಗೆ ಹಿಡಿಯುವ ಇನ್ನೊಂದು ಬಗೆಯ ಮಾಸ್ಕ್ ಇದೆ, ಅದರಲ್ಲಿ ಬೊಟ್ಟಿಗೆ ಏನೂ ತಾಗುವುದಿಲ್ಲ ಅಂದರು. ಮೊದಲೇ ಕಳಿಸಬಹುದಿತ್ತು ಅಲ್ವಾ?

ಬಳಸಿದ ಮಾಸ್ಕ್ ವಾಪಸ್ ಇಲ್ಲ, ಹೊಸದಕ್ಕೆ 6,200 ರೂಪಾಯಿ ಕಟ್ಟಿ ಅಂತ ಬಿಲ್ಲಿಂಗಿನವರು ಹೇಳಿದರು. ತಪ್ಪು ಅಳತೆ ಅವರದ್ದು. ಒಂಬತ್ತು ರಾತ್ರಿಯ ಲೆಕ್ಕ ಬರೆದ ಪುಟದ ಫೋಟೋ ಕಳಿಸಿದೆ. ಡಾಕ್ಟರೂ ನನ್ನ ಪರವಾಗಿ ಮಾತಾಡಿದರು. ಅರ್ಧಕ್ಕೆ ಒಪ್ಪಿದರು. ಪೂರ್ತಿ ಬಿಡಬೇಕಿತ್ತು ಅನ್ನುವುದು ಈಗಲೂ ನನ್ನ ಮಾತು. ನೀವು ಸೇರುವ ಮೊದಲೇ ಕೇಳಿಕೊಳ್ಳಿ: ಬಾಡಿಗೆಯ ತಿಂಗಳಲ್ಲಿ ಮಾಸ್ಕ್ ಹೊಂದದಿದ್ದರೆ ಬದಲು ಕೊಡುತ್ತೀರಾ? ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಹೊಸ ಮಾಸ್ಕ್ ಬಂದ ರಾತ್ರಿ ಸೋರಿಕೆ 6. ಗಂಟೆಗೆ ಉಸಿರು ನಿಂತದ್ದು 4 ಸಲ. ನಾನು ಬೆಳಿಗ್ಗೆ ಎದ್ದಾಗ ಆರೂವರೆ. ನಡುವೆ ಒಮ್ಮೆಯೂ ಬಚ್ಚಲಿಗೆ ಎದ್ದಿರಲಿಲ್ಲ. ಹಾಲು ಕರೆಯುವ ಹೊತ್ತು ಮೀರಿತ್ತು, ಇವರು ಎಬ್ಬಿಸಿರಲಿಲ್ಲ. ಕೊಟ್ಟಿಗೆಯ ಕೆಲಸ ಎಲ್ಲ ತಾವೇ ಮುಗಿಸಿ, ಚಹಾ ಮಾಡಿ ಮುಚ್ಚಿಟ್ಟಿದ್ದರು.

ಆಮೇಲಿನ ಉಸ್ತುವಾರಿಯೇ ಈ ಸೇವೆಯ ನಿಜವಾದ ಬೆಲೆ. ಮಷೀನಿನಲ್ಲಿ ಒಂದು ಸಣ್ಣ ಮೆಮೊರಿ ಕಾರ್ಡ್ ಇದೆ. ಮೊದಲ ತಿಂಗಳು ವಾರಕ್ಕೊಮ್ಮೆ ಅದನ್ನು ತೆಗೆದು ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿಗೆ ಹಾಕಿ ಫೈಲು ಕಳಿಸುತ್ತಿದ್ದೆವು. ಅವರ ಆ್ಯಪ್ ಇದೆ, ಆದರೆ ನಮ್ಮನೆಯ ನೆಟ್ಟಿಗೆ ಅದು ಹೊಂದಲಿಲ್ಲ. ಫೈಲು ನೋಡಿ ಅವರೇ ಫೋನ್ ಮಾಡುತ್ತಾರೆ. ಒಮ್ಮೆ ಡಾಕ್ಟರು ಕೇಳಿದರು, "ದಿನಾ ಬೆಳಗಿನ ಜಾವ ನಾಲ್ಕಕ್ಕೆ ಮಾಸ್ಕ್ ತೆಗೆದುಬಿಡ್ತೀರಲ್ಲ, ಯಾಕೆ?" ನಾಲ್ಕು ಗಂಟೆ ಬಳಸಿದರೆ ಮಷೀನಿನಲ್ಲಿ ಹಸಿರು ಗುರುತು ಬರುತ್ತದೆ, ಅದಕ್ಕೆ ಅಷ್ಟು ಸಾಕು ಅಂದುಕೊಂಡಿದ್ದೆ. ಹಾಗಲ್ಲ ಅಂದರು. ಕನಸು ಬೀಳುವ ನಿದ್ದೆ ಜಾಸ್ತಿ ಇರುವುದು ಬೆಳಗಿನ ಜಾವಕ್ಕೆ. ಹೆಂಗಸರಲ್ಲಿ ಉಸಿರು ನಿಲ್ಲುವುದು ಆ ನಿದ್ದೆಯಲ್ಲೇ ಹೆಚ್ಚು. ಬೇಕಾದ ಹೊತ್ತಿಗೇ ತೆಗೆಯುತ್ತಿದ್ದೆ. ಮುಖ ನೋಡದೆ, ಮುನ್ನೂರು ಕಿಲೋಮೀಟರಿಗಿಂತ ದೂರದಲ್ಲಿ ಕೂತು, ನನ್ನ ನಾಲ್ಕು ಗಂಟೆಯ ನಿದ್ದೆಯನ್ನು ಒಬ್ಬರು ಗಮನಿಸಿದರಲ್ಲ. ಅದಕ್ಕೆ ನಾನು ಋಣಿ.

ಮಳೆಗಾಲ ಬೇರೆ ಪಾಠ ಕಲಿಸಿತು. ಜುಲೈನಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎರಡು ದಿನಕ್ಕೂ ಬಾರದೆ ಇರಬಹುದು. ಕರೆಂಟು ಹೋದ ಕೂಡಲೇ ಮಷೀನು ನಿಲ್ಲುತ್ತದೆ, ಎಚ್ಚರವಾಗುತ್ತದೆ. ಮನೆಯ ಇನ್ವರ್ಟರ್ ಮೂರು ಗಂಟೆಗೇ ಕೂಗತೊಡಗಿತು. ಜಾಸ್ತಿ ಕರೆಂಟು ಎಳೆಯುವುದು ಗಾಳಿಯ ಮೋಟಾರಲ್ಲ, ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಅಂತ ಟೆಕ್ನಿಷಿಯನ್ ಹೇಳಿದ. ಅದನ್ನು ಆರಿಸಿದ ಮೇಲೆ ಅದೇ ಬ್ಯಾಟರಿಯಲ್ಲಿ ರಾತ್ರಿ ದಾಟಿತು. ಮಳೆಗಾಲದ ಗಾಳಿಯೇ ಅಷ್ಟು ತೇವ, ಮೂಗು ಒಣಗಲಿಲ್ಲ. ಈಗ ಚಳಿಯಲ್ಲಿ ಮತ್ತೆ ಹಾಕಿದ್ದೇನೆ. ಚಳಿಗೆ ನಳಿಗೆಯೊಳಗೆ ನೀರು ಹನಿಗಟ್ಟಿ ಗುಳುಗುಳು ಅನ್ನುತ್ತದೆ, ಅದಕ್ಕೆ ನಳಿಗೆಯನ್ನೂ ಕಂಬಳಿಯೊಳಗೆ ಸೇರಿಸಿಕೊಂಡು ಮಲಗುತ್ತೇನೆ. ಡಿಸ್ಟಿಲ್ಡ್ ವಾಟರನ್ನು ಮೆಡಿಕಲ್ ಶಾಪಿನಲ್ಲಿ ಹೇಳಿ ತರಿಸುತ್ತೇವೆ.

ಖರ್ಚು ಕೇಳುತ್ತೀರಿ, ಹೇಳಿಬಿಡುತ್ತೇನೆ. ಡಾಕ್ಟರ ಫೀಸು ಒಂದು ಸಲಕ್ಕೆ 900. ಪರೀಕ್ಷೆ 5,500. ಬಾಡಿಗೆ 3,500. ಮಷೀನು ಕೊಂಡಿದ್ದು 46,000ಕ್ಕೆ, ಬಾಡಿಗೆಯನ್ನು ಅದರಲ್ಲಿ ಕಳೆದರು. ನಮ್ಮಂಥವರಿಗೆ ಇದು ದೊಡ್ಡ ದುಡ್ಡೇ. ಅಡಿಕೆ ಮಾರಿದ ದುಡ್ಡಿನಲ್ಲಿ ಇವರು ಬೈಕು ಬದಲಿಸಬೇಕೆಂದಿದ್ದರು, ಬಿಟ್ಟರು. ಹಳೆಯ ಮಷೀನು ಕಡಿಮೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ. ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಒಳಗಿನ ಸ್ಪಂಜು ಪುಡಿಯಾಗುವ ಕಾರಣಕ್ಕೆ ಲಕ್ಷಾಂತರ ಮಷೀನುಗಳನ್ನು ವಾಪಸ್ ಕರೆಸಿಕೊಂಡಿತ್ತು. ಹಳೆಯದು ಕೊಳ್ಳುವವರು ಮಾಡೆಲ್ಲು, ವರ್ಷ ನೋಡಿಯೇ ಮುಂದುವರಿಯಿರಿ.

ಇದು ಎಲ್ಲರಿಗೂ ಆಗುವುದಿಲ್ಲ. ನಮ್ಮ ಊರಿನ ಒಬ್ಬ ಹಿರಿಯರಿಗೆ ನಾನೇ ಹೇಳಿ ಫೋನ್ ಮಾಡಿಸಿದೆ. ಅವರಿಗೆ ಹೃದಯ ದುರ್ಬಲ, ಶ್ವಾಸಕೋಶವೂ ಸರಿಯಿಲ್ಲ. ಇಂಥವರಿಗೆ ಮನೆಯ ಪರೀಕ್ಷೆ ಸಾಲದು, ಆಸ್ಪತ್ರೆಗೇ ಹೋಗಿ ಅಂತ ದುಡ್ಡು ತೆಗೆದುಕೊಳ್ಳದೆ ಹೇಳಿ ಕಳಿಸಿದರು. ಅವತ್ತು ಆ ಸಂಸ್ಥೆಯ ಮೇಲಿನ ನನ್ನ ನಂಬಿಕೆ ಹೆಚ್ಚಾಯಿತು. ನನ್ನ ಅತ್ತಿಗೆಯದು ಇನ್ನೊಂದು ಕತೆ. ಅವಳಿಗೆ ಗೊರಕೆ ಇಲ್ಲ, ನಿದ್ದೆಯೇ ಹತ್ತುವುದಿಲ್ಲ. ಅವಳಿಗೆ ಮಷೀನು ಬೇಡ ಅಂದರು. ದಿನಾ ಮಲಗಿದ್ದು ಎದ್ದಿದ್ದು ಬರೆದಿಡುವುದು, ಹಾಸಿಗೆಯಲ್ಲಿ ಸುಮ್ಮನೆ ಹೊರಳುವ ಹೊತ್ತು ಕಡಿಮೆ ಮಾಡುವುದು, ಹೀಗೆ ಆರು ವಾರ ವಿಡಿಯೋದಲ್ಲೇ ಕೂರಿಸಿ ಕಲಿಸಿದರು. ಮಾತ್ರೆ ಇಲ್ಲದೆ ಈಗ ಐದೂವರೆ ಗಂಟೆ ಮಲಗುತ್ತಾಳೆ. ಚಿಂತೆಯಿಂದ ನಿದ್ದೆ ಹೋದವರು, ದುಡ್ಡಿಲ್ಲದವರು 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕ ಇಲ್ಲ.

ಎಪ್‌ವರ್ತ್ ಪ್ರಶ್ನೆಗಳಿಗೆ ಕಳೆದ ವಾರ ಮತ್ತೆ ಉತ್ತರ ಬರೆದೆ. 15 ಇದ್ದದ್ದು 5 ಆಗಿದೆ. ಬಿಪಿ ಮಾತ್ರೆ ಶುರು ಮಾಡಬೇಕಾಗಬಹುದು ಅಂದಿದ್ದರು, ಸದ್ಯಕ್ಕೆ ಬೇಡ ಅಂದಿದ್ದಾರೆ. ಸೊಸೈಟಿಯ ಅರ್ಧವಾರ್ಷಿಕ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಬರಲಿಲ್ಲ.

ಒಂದು ತಕರಾರನ್ನು ಪತ್ರ ಬರೆದೇ ತಿಳಿಸಿದ್ದೆ. ಪ್ರಶ್ನೆ ಪಟ್ಟಿ ಕನ್ನಡದಲ್ಲಿ ಬೇಕು, ಹಾಕಿಕೊಳ್ಳುವ ವಿಡಿಯೋ ಕನ್ನಡದಲ್ಲಿ ಬೇಕು, ಮಾಸ್ಕನ್ನು ಮಲಗಿಸಿ ಹಾಕಿಸಿ ನೋಡಬೇಕು, ಮೂಗು ಚುಚ್ಚಿಸಿಕೊಂಡವರನ್ನು ಮೊದಲೇ ಕೇಳಬೇಕು ಅಂತ. ಉತ್ತರ ಬರಲಿಲ್ಲ. ಪ್ರಶ್ನೆ ಪಟ್ಟಿ ಇನ್ನೂ ಇಂಗ್ಲಿಷಿನಲ್ಲೇ ಇದೆ.

ಆದರೆ ಹೋದ ತಿಂಗಳು ಸಾಗರದಲ್ಲಿರುವ ನನ್ನ ತಂಗಿಗೂ ಅಲ್ಲೇ ಪರೀಕ್ಷೆಯಾಯಿತು. ಅವಳದು ಗಂಟೆಗೆ 22 ಸಲ ಬಂತು. ಮಾಸ್ಕ್ ಕಳಿಸುವ ಮೊದಲು ಟೆಕ್ನಿಷಿಯನ್ ಹುಡುಗ ಫೋನ್ ಮಾಡಿದನಂತೆ. ತಂಗಿ ಅದನ್ನು ನನಗೆ ಹೇಳುವಾಗ ಅವಳಿಗೆ ಅದೇನು ದೊಡ್ಡ ವಿಷಯ ಅಂತ ಗೊತ್ತಿರಲಿಲ್ಲ. ಅವನು ಮೊದಲು ಕೇಳಿದ್ದು ಇದನ್ನಂತೆ: "ಅಮ್ಮಾ, ಮೂಗುಬೊಟ್ಟು ಇದೆಯಾ? ಯಾವ ಕಡೆ? ನೀವು ಮಲಗೋದು ಯಾವ ಮಗ್ಗುಲಿಗೆ?"